ಸಮೀಕ್ಷೆಯ ಚಿಲ್ಲರೆ ದುಡ್ಡು: ಲೆಕ್ಕ ತಿಳಿದು ಕೈ ಹಾಕಲಿ

ಮಾನ್ಯ ಸಂಪಾದಕರೇ,

ಮೊಬೈಲಿನಲ್ಲಿ ಸಮೀಕ್ಷೆಗೆ ಉತ್ತರಿಸಿ, ಆ್ಯಪ್ ಇಳಿಸಿಕೊಂಡು ಹಣ ಗಳಿಸುವ ವಿಚಾರದಲ್ಲಿ ಪತ್ರಿಕೆಗಳಲ್ಲಿ ಎರಡೇ ಬಗೆಯ ಬರಹ ಕಾಣುತ್ತವೆ. ಒಂದು, ‘ಮನೆಯಲ್ಲೇ ಕುಳಿತು ಸಾವಿರಾರು ರೂಪಾಯಿ’ ಎಂಬ ವರ್ಗೀಕೃತ ಜಾಹೀರಾತು. ಇನ್ನೊಂದು, ಯಾರೋ ಲಕ್ಷಗಟ್ಟಲೆ ಕಳೆದುಕೊಂಡ ಸುದ್ದಿ. ಇವೆರಡರ ನಡುವೆ ನಿಜಕ್ಕೂ ಹಣ ಕೊಡುವ, ಆದರೆ ತೀರಾ ಕಡಿಮೆ ಕೊಡುವ ವ್ಯವಸ್ಥೆಯೊಂದಿದೆ. ಅದು ಹೇಗೆ ನಡೆಯುತ್ತದೆಂದು ಬಿಡಿಸಿ ಹೇಳುವವರಿಲ್ಲದ ಕಾರಣಕ್ಕೇ ವಿದ್ಯಾರ್ಥಿಗಳೂ ಗೃಹಿಣಿಯರೂ ವಂಚಕರ ಕೈಗೆ ಸಿಗುತ್ತಿದ್ದಾರೆ.

ಸಮೀಕ್ಷೆಯ ಹಣ ಕೊಡುವುದು ಸರಕು ಮಾರುವ ಕಂಪನಿ. ಅದು ಸಂಶೋಧನಾ ಸಂಸ್ಥೆಯ ಮೂಲಕ, ಸದಸ್ಯರ ಪಟ್ಟಿ ಇಟ್ಟುಕೊಂಡ ‘ಪ್ಯಾನೆಲ್’ ಮೂಲಕ ಉತ್ತರಿಸುವವರನ್ನು ತಲುಪುತ್ತದೆ. ಕಂಪನಿಗೆ ಎಲ್ಲರ ಅಭಿಪ್ರಾಯ ಬೇಕಿರುವುದಿಲ್ಲ. ಈಚೆಗೆ ಸ್ಕೂಟರ್ ಕೊಂಡ, ಇಂತಿಷ್ಟು ವಯಸ್ಸಿನ, ಇಂಥ ಊರಿನ ಕೆಲವು ನೂರು ಜನ ಬೇಕಿರುತ್ತಾರೆ. ಹಾಗಾಗಿ ಮೊದಲ ಕೆಲವು ಪ್ರಶ್ನೆಗಳು ಬರೀ ಜರಡಿ. ಬೇಡದವರನ್ನು ಅಲ್ಲೇ ಹೊರಗೆ ಹಾಕುತ್ತಾರೆ. ಬೇಕಾದಷ್ಟು ಮಂದಿ ಸಿಕ್ಕಿಬಿಟ್ಟಿದ್ದರೆ ಅರ್ಧದಲ್ಲೂ ನಿಲ್ಲಿಸುತ್ತಾರೆ. ಆ ಹೊತ್ತಿಗೆ ಕೂಲಿ ಇಲ್ಲ, ಇದ್ದರೂ ಪುಡಿಗಾಸು. ‘15 ನಿಮಿಷ, 40 ರೂಪಾಯಿ’ ಎಂದು ತೋರಿಸುವ ಸಮೀಕ್ಷೆಯೊಂದು ಸಿಗುವ ಮೊದಲು ಮೂರು ಕಡೆ ಐದೈದು ನಿಮಿಷ ಉತ್ತರಿಸಿ ಹೊರಬಿದ್ದರೆ, 40 ರೂಪಾಯಿ ಬಂದದ್ದು ಅರ್ಧ ಗಂಟೆಗೆ. ದಿನವಿಡೀ ಸಮೀಕ್ಷೆ ಸಿಗುವುದೂ ಇಲ್ಲ. ತಿಂಗಳ ಮೊಬೈಲ್ ರೀಚಾರ್ಜ್ ಹುಟ್ಟಿದರೆ ಅದೇ ಹೆಚ್ಚು. ಇದನ್ನು ಸಂಬಳ ಎಂದು ಯಾರೂ ಎಣಿಸಬಾರದು.

ದುಡಿದದ್ದು ಕೈಗೆ ಬರಬೇಕಾದರೆ ಉತ್ತರಗಳಲ್ಲಿ ಹೊಂದಾಣಿಕೆ ಇರಬೇಕು. ವಯಸ್ಸು, ಪಿನ್‌ಕೋಡ್, ಮನೆಯ ಆದಾಯ ಇವನ್ನು ಪ್ರೊಫೈಲಿನಲ್ಲಿ ಒಂದು ರೀತಿ, ಸಮೀಕ್ಷೆಯಲ್ಲಿ ಇನ್ನೊಂದು ರೀತಿ ಬರೆದರೆ ಖಾತೆಯೇ ಮುಚ್ಚಬಹುದು. ‘ಈ ಸಾಲಿನಲ್ಲಿ ನಾಲ್ಕನೆಯದನ್ನೇ ಒತ್ತಿ’ ಎಂಬಂಥ ಪ್ರಶ್ನೆ ನಡುವೆ ಬರುವುದು ಓದುತ್ತಿದ್ದೀರೋ ಇಲ್ಲವೋ ಎಂದು ನೋಡಲಿಕ್ಕೆ. ಉದ್ದನೆಯ ಕೋಷ್ಟಕದಲ್ಲಿ ಒಂದೇ ಕಂಬಸಾಲಿಗೆ ಗುರುತು ಹಾಕುತ್ತಾ ಹೋದರೆ, 15 ನಿಮಿಷದ್ದನ್ನು ನಾಲ್ಕು ನಿಮಿಷಕ್ಕೆ ಮುಗಿಸಿದರೆ, ಇರುವ ಜಾಗ ಮರೆಮಾಚುವ ವಿಪಿಎನ್ ಬಳಸಿದರೆ, ಒಬ್ಬರೇ ಎರಡು ಖಾತೆ ತೆರೆದರೆ ಕಂಪ್ಯೂಟರ್ ಅದನ್ನು ಹಿಡಿಯುತ್ತದೆ. ಜಮೆಯಾದ ಅಂಕಗಳನ್ನು ಕೆಲವು ವಾರಗಳ ನಂತರವೂ ಹಿಂದಕ್ಕೆ ಪಡೆಯುವುದುಂಟು. ಆದ್ದರಿಂದ ಹಣ ತೆಗೆಯಲು ಬೇಕಾದ ಕನಿಷ್ಠ ಮೊತ್ತ ಮುಟ್ಟಿದ ಕೂಡಲೇ ತೆಗೆದುಬಿಡುವುದು ಲೇಸು, ಕೂಡಿಡಲು ಅದು ಬ್ಯಾಂಕಲ್ಲ. ಸೇರುವ ಮೊದಲೇ ಯಾವ ರೂಪದಲ್ಲಿ ಕೊಡುತ್ತಾರೆಂದೂ ನೋಡಬೇಕು. ಗೂಗಲ್ ಒಪಿನಿಯನ್ ರಿವಾರ್ಡ್ಸ್ ನಂಬಿಕಸ್ಥ ಆ್ಯಪ್, ನಿಜ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಅದು ಕೊಡುವುದು ನಗದಲ್ಲ, ಪ್ಲೇ ಸ್ಟೋರಿನಲ್ಲಿ ಮಾತ್ರ ಖರ್ಚಾಗುವ ಕ್ರೆಡಿಟ್. ಅದಕ್ಕೂ ಒಂದು ವರ್ಷದ ಅವಧಿ.

‘ಆಫರ್’ಗಳದು ಬೇರೆಯೇ ದಾರಿ. ಆ್ಯಪ್ ಇಳಿಸಿ, ಆಟದಲ್ಲಿ ಇಂತಿಷ್ಟು ಹಂತ ಮುಟ್ಟಿ, ಖಾತೆ ತೆರೆಯಿರಿ ಎನ್ನುತ್ತಾರೆ. ನೀವು ಕೊಂಡಿ ಒತ್ತಿದ ಕ್ಷಣ ಆ ಕ್ಲಿಕ್ಕಿಗೊಂದು ಗುರುತಿನ ಸಂಖ್ಯೆ ಬೀಳುತ್ತದೆ. ಕೆಲಸ ಮುಗಿದಾಗ ಆ ಸಂಖ್ಯೆಯೊಂದಿಗೆ ಜಾಹೀರಾತುದಾರನಿಂದ ಸುದ್ದಿ ಬಂದರಷ್ಟೇ ಹಣ. ಈ ಎಳೆ ಕಡಿದರೆ ನೀವೆಷ್ಟು ಆಡಿದರೂ ಲೆಕ್ಕಕ್ಕಿಲ್ಲ. ಜಾಹೀರಾತು ತಡೆಯುವ ಸಾಧನ, ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿ, ಅಳಿಸಿಹಾಕಿದ ಕುಕೀಗಳು (ಬ್ರೌಸರಿನಲ್ಲಿ ಉಳಿಯುವ ಗುರುತಿನ ಕಡತಗಳು), ಮಧ್ಯದಲ್ಲಿ ಬದಲಿಸಿದ ಫೋನ್, ಕೊಂಡಿ ಬಿಟ್ಟು ನೇರವಾಗಿ ಪ್ಲೇ ಸ್ಟೋರಿನಲ್ಲಿ ಹುಡುಕಿ ಇಳಿಸುವುದು, ಇವೆಲ್ಲ ಎಳೆ ಕಡಿಯುತ್ತವೆ. ಆ ಆ್ಯಪ್ ಅದೇ ಫೋನಿನಲ್ಲಿ ಹಿಂದೆ ಎಂದಾದರೂ ಇದ್ದಿದ್ದರೆ ‘ಹೊಸ ಬಳಕೆದಾರರಲ್ಲ’ ಎಂದು ತಳ್ಳಿಹಾಕುತ್ತಾರೆ. ಶುರು ಮಾಡುವ ಮೊದಲೇ ಷರತ್ತಿನ ಪುಟದ, ಆಮೇಲೆ ಪ್ರತಿ ಹಂತದ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಇಟ್ಟುಕೊಂಡರೆ ಮಾತ್ರ, ಹಣ ಬರದಿದ್ದಾಗ ಕೊಡುವ ದೂರಿಗೆ ಬಲ ಬರುತ್ತದೆ.

ಕೈ ಸುಡುವುದು ‘ಉಚಿತ ಟ್ರಯಲ್’ ಆಫರಿನಲ್ಲಿ. 100 ರೂಪಾಯಿ ಬಹುಮಾನಕ್ಕಾಗಿ ಕಾರ್ಡ್ ಅಥವಾ ಯುಪಿಐ ಆಟೋಪೇಗೆ (ಅವಧಿಗೊಮ್ಮೆ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆ) ಒಪ್ಪಿಗೆ ಕೊಟ್ಟವರು ಆ್ಯಪ್ ಅಳಿಸಿದರೆ ಸಾಕೆಂದುಕೊಳ್ಳುತ್ತಾರೆ. ಆ್ಯಪ್ ಹೋದರೂ ಒಪ್ಪಿಗೆ ಹೋಗುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕು, ಬರುತ್ತದೆ ಕೂಡ. ಆದರೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ಆ ಸಂದೇಶವನ್ನು ಓದದೆ ಬಿಟ್ಟರೆ ಹಣ ಹೋಯಿತು. ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಒಪ್ಪಿಗೆ ರದ್ದು ಮಾಡಬೇಕು. ಪ್ಲೇ ಸ್ಟೋರಿನ ಚಂದಾ ಪಟ್ಟಿಯನ್ನೂ ನೋಡಬೇಕು. ಬಿಡಿಸಿಕೊಳ್ಳಲಾಗದಂತೆ ಚಂದಾದಲ್ಲಿ ಸಿಕ್ಕಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇನ್ನು ಶುದ್ಧ ವಂಚನೆ. ಅದು ವಾಟ್ಸ್‌ಆ್ಯಪಿನಲ್ಲಿ ಶುರುವಾಗಿ ಟೆಲಿಗ್ರಾಂ ಗುಂಪಿಗೆ ಸಾಗುತ್ತದೆ. ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ಐದು ನಕ್ಷತ್ರ ಕೊಡಿ ಎಂದು ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಹಾಕುತ್ತಾರೆ. ಆ ನೂರಿನ್ನೂರೇ ಗಾಳದ ಹುಳು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’: 1,000 ಕಟ್ಟಿದರೆ 1,300, 5,000 ಕಟ್ಟಿದರೆ ಇನ್ನೂ ಹೆಚ್ಚು. ಗುಂಪಿನಲ್ಲಿ ‘ನನಗೆ ಬಂತು’ ಎನ್ನುವವರೂ ಅವರ ಕಡೆಯವರೇ. ತೆರೆಯ ಮೇಲಿನ ಮೊತ್ತ ಏರುತ್ತಾ ಹೋಗುತ್ತದೆ, ತೆಗೆಯಹೋದರೆ ತೆರಿಗೆ ಕಟ್ಟಿ, ಖಾತೆ ಬಿಡಿಸಲು ಶುಲ್ಕ ಕಟ್ಟಿ ಎನ್ನುತ್ತಾರೆ. ಇಂಥ ಅರೆಕಾಲಿಕ ಕೆಲಸದ ಹೆಸರಿನ 100ಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ತಡೆದಿತ್ತು. ಹೆಸರು ಬದಲಾಯಿತು, ಆಟ ನಿಂತಿಲ್ಲ. ನಿಜವಾದ ಸಮೀಕ್ಷಾ ಸಂಸ್ಥೆ ಉತ್ತರಿಸುವವರಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ, ಬ್ಯಾಂಕಿನ ಒಟಿಪಿ ಕೇಳುವುದಿಲ್ಲ, ಎಸ್‌ಎಂಎಸ್ ಓದುವ ಅನುಮತಿ ಬೇಡುವ ಎಪಿಕೆ (ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್ ಕಡತ) ಕಳಿಸುವುದಿಲ್ಲ. ‘ನಿಮ್ಮ ಖಾತೆಗೆ ಬಂದ ಹಣವನ್ನು ಬೇರೆಯವರಿಗೆ ದಾಟಿಸಿ, ಕಮಿಷನ್ ಕೊಡುತ್ತೇವೆ’ ಎಂದರೆ ಅದು ಇನ್ನೊಬ್ಬರಿಂದ ಕದ್ದ ಹಣ. ಸ್ಥಗಿತವಾಗುವುದು ಖಾತೆ ಕೊಟ್ಟವರ ಖಾತೆಯೇ, ಪೊಲೀಸರ ಮುಂದೆ ನಿಲ್ಲುವವರೂ ಅವರೇ.

ಹಣ ಹೋಗಿದ್ದರೆ ಮರ್ಯಾದೆಗೆ ಅಂಜಿ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ವಂಚಕರು ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲು ಬ್ಯಾಂಕಿಗೆ ಸುದ್ದಿ ಮುಟ್ಟಿದರೆ ತಡೆಹಿಡಿಯುವ ಅವಕಾಶವಿದೆ.

ಫೋನಿನಲ್ಲೇ ಗೌರವದ ಗಳಿಕೆ ಅಸಾಧ್ಯವೇನಲ್ಲ ಎಂಬುದಕ್ಕೆ ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಇದೆ. ನಮ್ಮ ಹಳ್ಳಿಗಳ ಜನ ಕನ್ನಡ ವಾಕ್ಯಗಳನ್ನು ಓದಿ ಧ್ವನಿ ಕೊಟ್ಟಿದ್ದಕ್ಕೆ ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೂಲಿ ಕೊಟ್ಟ ಸಂಸ್ಥೆ ಅದು. ಅಂಥ ಕೆಲಸ ಎಲ್ಲರಿಗೂ, ಎಲ್ಲ ಕಾಲಕ್ಕೂ ಸಿಗದು. ಆದರೆ ನಮ್ಮ ನುಡಿಗೆ ಬೆಲೆಯಿದೆ ಎಂದು ಗೊತ್ತಿದ್ದವರು ಲೈಕ್ ಒತ್ತುವ ಆಮಿಷಕ್ಕೆ ಅಷ್ಟು ಸುಲಭವಾಗಿ ಬೀಳಲಾರರು.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ‘ಮೊಬೈಲ್ ಇದ್ದರೆ ಸಾಕು’ ಎಂಬ ವರ್ಗೀಕೃತ ಜಾಹೀರಾತು ತೆಗೆದುಕೊಳ್ಳುವಾಗ ಸಂಸ್ಥೆಯ ನೋಂದಾಯಿತ ಹೆಸರು, ವಿಳಾಸ ಪರಿಶೀಲಿಸಿ, ಅವನ್ನೂ ಅಚ್ಚು ಮಾಡಿ. ಬರೀ ವಾಟ್ಸ್‌ಆ್ಯಪ್ ಸಂಖ್ಯೆ ಕೊಡುವವರ ಜಾಹೀರಾತನ್ನು ನಿರಾಕರಿಸಿ. ಆ ಅಂಕಣದ ಅಡಿಯಲ್ಲಿ ‘ಕೆಲಸಕ್ಕಾಗಿ ಮುಂಗಡ ಕೇಳಿದರೆ 1930’ ಎಂಬ ಒಂದು ಸಾಲು ದಿನವೂ ಇರಲಿ.

ಇತಿ,
ತಮ್ಮ ಓದುಗರೊಬ್ಬರು, ದಾವಣಗೆರೆ