ಇವರ ಮಾತ್ರೆ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ನಮ್ಮನೆಯವರ 6 ತಿಂಗಳ ಟಿಬಿ ಮಾತ್ರೆಗಳ ಕೋರ್ಸ್ ಹೋದ ವಾರ ಮುಗಿಯಿತು. ಕತ್ತಿನ ಗಂಟು ಹೋಗಿದೆ. ಇಳಿದಿದ್ದ ತೂಕ ವಾಪಸ್ ಬಂದಿದೆ, ಸ್ವಲ್ಪ ಜಾಸ್ತಿಯೇ ಬಂದಿದೆ. ಏನಾಗಿತ್ತು ಅಂತ ಕೆದಕದೆ ಜೊತೆಗಿದ್ದವರಿಗೆ ಈಗಲಾದರೂ ಹೇಳಬೇಕಲ್ವಾ? ಇವರೂ "ಬರಿ, ಕಾಯಿಲೆ ಹೆಸರು ಹಾಕಿಯೇ ಬರಿ" ಅಂದರು.

ಶೇವ್ ಮಾಡುವಾಗ ಕೈಗೆ ಸಿಕ್ಕ ಗಂಟು ಅದು. ಜೊತೆಗೆ ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರು, ಕತ್ತು ಮುಟ್ಟಿ ನೋಡಿದವರೇ ಕ್ಯಾನ್ಸರ್ ಅನುಮಾನ ಅಂತ ತುರ್ತಾಗಿ ಆಸ್ಪತ್ರೆಗೆ ಬರೆದರು. ಇಂಗ್ಲೆಂಡಿನಲ್ಲಿ ಹಾಗೆ ಬರೆದರೆ 28 ದಿನದೊಳಗೆ ಹೌದೋ ಅಲ್ಲವೋ ತಿಳಿಸಬೇಕು ಅನ್ನೋದು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಇಟ್ಟುಕೊಂಡಿರುವ ಗುರಿ. ಕಾಗದದ ಮೇಲೆ ಅದು ಬೇಗವೇ. ಮನೆಯೊಳಗೆ ಅಲ್ಲ. ಲಿಂಫೋಮಾ ಅನ್ನೋ ಗ್ರಂಥಿಯ ಕ್ಯಾನ್ಸರಿಗೂ ಗ್ರಂಥಿಯ ಟಿಬಿಗೂ ಲಕ್ಷಣ ಹೆಚ್ಚುಕಮ್ಮಿ ಒಂದೇ, ಸೂಜಿ ಹಾಕಿ ಚೂರು ತೆಗೆದು ನೋಡುವ ತನಕ ಯಾರೂ ಖಚಿತವಾಗಿ ಹೇಳುವುದಿಲ್ಲ. ಬಯಾಪ್ಸಿ ಆದ ಮೇಲೆ ನಾನು ಅಡುಗೆಮನೆಯಲ್ಲಿ, ಇವರು ಬಚ್ಚಲಲ್ಲಿ, ಒಬ್ಬರಿಗೊಬ್ಬರು ಕಾಣದ ಹಾಗೆ ರಿಪೋರ್ಟ್ ಬಂತಾ ಅಂತ ಫೋನಿನಲ್ಲಿ ಎನ್‌ಎಚ್‌ಎಸ್ ಆ್ಯಪ್ ನೋಡುತ್ತಿದ್ದೆವು. ಲೆಸ್ಟರಿನ ಬೆಲ್‌ಗ್ರೇವ್ ರಸ್ತೆಯಲ್ಲಿ ಆಗ ದೀಪಾವಳಿಯ ದೀಪಗಳು. ಅಕ್ಟೋಬರ್ ಕೊನೆಗೆ ಇಲ್ಲಿನ ಗಡಿಯಾರ ಬೇರೆ ಒಂದು ಗಂಟೆ ಹಿಂದಕ್ಕೆ ಹೋಯಿತು. ನನಗೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸುವ ಹೊತ್ತಿಗೆ ಹಾಸನದಲ್ಲಿ ಎಲ್ಲರೂ ಮಲಗಿರುತ್ತಿದ್ದರು.

ಪಕ್ಕದ ಮನೆಯ ಗುಜರಾತಿ ಮಾಸಿಗೆ ಮೊದಲ ನಮಸ್ಕಾರ. ಅವರಿಗೆ ನಾವು ಏನೂ ಹೇಳಿರಲಿಲ್ಲ. ಮುಖ ನೋಡಿಯೇ, "ಮಗಳನ್ನ ಸ್ಕೂಲಿಂದ ನಾನು ಕರ್ಕೊಂಡು ಬರ್ತೀನಿ, ಆಫೀಸಲ್ಲಿ ನನ್ನ ಹೆಸರು ಕೊಟ್ಟಿಡು" ಅಂದರು. ಅಷ್ಟೇ. ಆಮೇಲೆ ಒಂದು ಪ್ರಶ್ನೆಯಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕನ್ನಡದ ಗೆಳತಿಯೊಬ್ಬಳಿದ್ದಾಳೆ. ಅವಳು ಧೈರ್ಯ ಹೇಳಲಿಲ್ಲ. "ಸ್ಪೆಷಲಿಸ್ಟ್ ನರ್ಸ್ ನಂಬರ್ ಇಸ್ಕೊಂಡ್ಯಾ?" ಅಂತ ಕೇಳಿದಳು. ಇಸ್ಕೊಂಡಿರಲಿಲ್ಲ. ಆ ನಂಬರ್ ಸಿಕ್ಕ ಮೇಲೆ ಆ್ಯಪ್ ನೋಡುವುದು ಅರ್ಧ ಕಮ್ಮಿಯಾಯಿತು. "ಎಲ್ಲ ಸರಿಹೋಗುತ್ತೆ" ಅಂದವರಿಗೂ ಥ್ಯಾಂಕ್ಸ್, ಆದರೆ ನಿಜ ಹೇಳ್ತೀನಿ, ನಂಬರ್ ಜಾಸ್ತಿ ಉಪಯೋಗಕ್ಕೆ ಬಂತು.

ಕೊನೆಗೆ ಡಾಕ್ಟರು ಟಿಬಿ ಅಂದಾಗ ಇವರು "ಥ್ಯಾಂಕ್ಯೂ, ಥ್ಯಾಂಕ್ಯೂ" ಅಂತ ಎರಡು ಸಲ ಅಂದರು. ಪಾಪ, ಡಾಕ್ಟರು ನನ್ನ ಮುಖ ನೋಡಿದರು. ವೀಸಾಗೆ ಬೆಂಗಳೂರಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿದ್ದೆವಲ್ಲ, ಆಗ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಿದೆ. ಅದು ಶ್ವಾಸಕೋಶದ ಟಿಬಿ ಹುಡುಕುವುದಕ್ಕೆ ಅಂದರು. ರೋಗಾಣು ಮೈಯಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿದ್ದು ಆಮೇಲೆ ಏಳಬಹುದಂತೆ.

ಟಿಬಿ ನರ್ಸ್ ಕೇರಳದವರು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಎರಡು. ಒಂದು ಮಾತ್ರೆಯಿಂದ ಕಣ್ಣಿಗೆ ತೊಂದರೆ ಆಗಬಹುದು ಅಂತ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಓದಿಸಿದರು. ಇನ್ನೊಂದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ ಅಂತ ಮೊದಲೇ ಹೇಳಿದ್ದಕ್ಕೆ ಬಚಾವಾದೆವು, ಇಲ್ಲದಿದ್ದರೆ ಮಾರನೆಯ ದಿನವೇ ಎಮರ್ಜೆನ್ಸಿಗೆ ಓಡಿರುತ್ತಿದ್ದೆವು. ಟಿಬಿ ಔಷಧಿಗೆ ಇಲ್ಲಿ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. (ವೀಸಾ ಜೊತೆ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೇವೆ. ಅದು ಜಾಸ್ತಿ ಅಂತ ಈಗಲೂ ನನ್ನ ಅಭಿಪ್ರಾಯ.)

ನಮ್ಮತ್ತೆ ಮಾತ್ರ "ಹೊರಗೆ ಹೇಳ್ಬೇಡಮ್ಮ" ಅಂದಿದ್ದರು. ಅವರು ಕಂಡಿದ್ದೇ ತಟ್ಟೆ ಲೋಟ ಬೇರೆ ಇಡುವ ಕಾಲ. ಗ್ರಂಥಿಯ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವಂಥದ್ದಲ್ಲ ಅಂತ ವಿಡಿಯೋ ಕಾಲ್‌ನಲ್ಲಿ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಿರಲಿಲ್ಲ. ಯುಗಾದಿಗೆ ವಿಷಯ ಗೊತ್ತಿದ್ದೂ ನೀವು ನಾಲ್ಕು ಮನೆಯವರು ಬಂದಿರಿ. ಇವರ ಪಕ್ಕದಲ್ಲೇ ಕೂತು ಒಬ್ಬಟ್ಟು ತಿಂದಿರಿ. ಆ ಫೋಟೋ ಅತ್ತೆಗೆ ಕಳಿಸಿದೆ. ಆಮೇಲೆ ಅವರೇ ತಂಗಿಗೆ ಫೋನ್ ಮಾಡಿ ಟಿಬಿ ಅಂತ ಹೇಳಿದರಂತೆ.

ಮುಂದಿನ ಶನಿವಾರ ಎಲ್ಲರೂ ಊಟಕ್ಕೆ ಬನ್ನಿ. ಬಿಸಿಬೇಳೆ ಬಾತ್ ಇವರೇ ಮಾಡುತ್ತಾರಂತೆ. ನಿಮ್ಮ ಡಬ್ಬಗಳೆಲ್ಲ ನಮ್ಮಲ್ಲೇ ಉಳಿದಿವೆ, ಯಾರದು ಯಾವುದು ನನಗಂತೂ ಗೊತ್ತಾಗುತ್ತಿಲ್ಲ. ಬಂದಾಗ ಗುರುತು ಹಿಡಿದು ತೆಗೆದುಕೊಳ್ಳಿ.