ಹಿರಿಯರ ಕಾರು ವಿಮೆ: ನವೀಕರಣದ ನೋಟಿಸಿನಲ್ಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ವಯಸ್ಸಾದವರು ಕಾರು ಇಟ್ಟುಕೊಂಡರೆ ಇನ್ಶೂರೆನ್ಸ್ ದುಬಾರಿ ಎಂಬ ಮಾತು ನಮ್ಮ ವಾಕಿಂಗ್ ಗುಂಪಿನಲ್ಲಿ ಆಗಾಗ ಬರುತ್ತದೆ. ಮಕ್ಕಳು ವಿದೇಶದಲ್ಲಿರುವವರಂತೂ ಅಲ್ಲಿನ ಲೆಕ್ಕ ಹೇಳಿ ಇನ್ನಷ್ಟು ಹೆದರಿಸುತ್ತಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯ (ನಮ್ಮ ಕಾರಿನಿಂದ ಬೇರೆಯವರಿಗಾಗುವ ಹಾನಿಗೆ ಇರುವ ವಿಮೆ) ದರವನ್ನು ಕೇಂದ್ರ ಸರ್ಕಾರವೇ ಎಂಜಿನ್ ಸಾಮರ್ಥ್ಯ ನೋಡಿ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಅಲ್ಲಿಂದ 1,500 ಸಿಸಿವರೆಗೆ 3,416 ರೂಪಾಯಿ. ಓಡಿಸುವವರಿಗೆ ಇಪ್ಪತ್ತೈದೋ ಎಪ್ಪತ್ತೈದೋ, ದರ ಒಂದೇ. ಹಿರಿಯರಿಗೆ ಏಟು ಬೀಳುವುದು ಕ್ಲೇಮಿನ ಹೊತ್ತಿನಲ್ಲಿ.

ನಮ್ಮ ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಮದುವೆಗೆಂದು ಹೋಗಿ, ಕಲ್ಯಾಣ ಮಂಟಪದಲ್ಲಿ ರಿವರ್ಸ್ ತೆಗೆಯುವಾಗ ಕಾರನ್ನು ಕಂಬಕ್ಕೆ ತಾಗಿಸಿದರು. ‘ಫುಲ್ ಇನ್ಶೂರೆನ್ಸ್ ಇದೆ, ಬಿಡಿ’ ಎಂದು ನೆಮ್ಮದಿಯಾಗಿಯೇ ಇದ್ದರು. ಹಾನಿ ಅಂದಾಜು ಮಾಡಲು ಸರ್ವೇಯರ್ ಬಂದವರು ಬಂಪರ್ ನೋಡುವ ಮೊದಲೇ ಕೇಳಿದ್ದು ಡಿಎಲ್ (ಚಾಲನಾ ಪರವಾನಗಿ). ಅದರ ಅವಧಿ ಮುಗಿದು ಮೂರು ತಿಂಗಳಾಗಿತ್ತು. ಕ್ಲೇಮ್ ತಿರಸ್ಕೃತವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. 55 ದಾಟಿದವರಿಗೆ ಡಿಎಲ್ ನವೀಕರಣವಾಗುವುದು ಐದೇ ವರ್ಷಕ್ಕೆ, ಅದೂ ವೈದ್ಯರ ಪ್ರಮಾಣಪತ್ರದೊಂದಿಗೆ. ಹಿಂದೆ ಅವಧಿ ಮುಗಿದ ಮೇಲೂ 30 ದಿನ ಡಿಎಲ್ ಊರ್ಜಿತವಾಗಿರುತ್ತಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಆ ರಿಯಾಯಿತಿಯನ್ನು ತೆಗೆದುಹಾಕಿದೆ. ಊರ್ಜಿತ ಡಿಎಲ್ ಇಲ್ಲದಿದ್ದರೆ ಮಾಲೀಕ-ಚಾಲಕನಿಗೆ ಇರುವ 15 ಲಕ್ಷದ ಅಪಘಾತ ವಿಮೆಯೂ ಕೈಗೆ ಸಿಗುವುದಿಲ್ಲ. ಬೇರೆಯವರಿಗೆ ಪೆಟ್ಟಾಗಿದ್ದರೆ ಕಂಪನಿ ಪರಿಹಾರ ಕೊಟ್ಟು, ಆಮೇಲೆ ಅದನ್ನು ಮಾಲೀಕನಿಂದ ವಸೂಲಿ ಮಾಡಬಹುದು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಮನೆ ಮಾರುವ ಮಾತು.

ಡಿಎಲ್ ಸರಿಯಾಗಿದ್ದಿದ್ದರೂ ಮೇಷ್ಟ್ರಿಗೆ ಎಷ್ಟು ಬರುತ್ತಿತ್ತು? ಬಂಪರ್ ಬೆಲೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಅರ್ಧ ಕಡಿತ. ಉಳಿದ 4,500ರಲ್ಲಿ ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಹೋದರೆ 3,500. ಇಷ್ಟಕ್ಕೆ ಕ್ಲೇಮ್ ಮಾಡಿದ ತಪ್ಪಿಗೆ, ಐದು ವರ್ಷ ಜೋಪಾನ ಮಾಡಿ ಗಳಿಸಿದ ಶೇ 50ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮುಂದಿನ ನವೀಕರಣದಲ್ಲಿ ಸೊನ್ನೆ! ಹತ್ತು ವರ್ಷ ದಾಟಿದ ಕಾರಾದರೆ ಲೋಹದ ಭಾಗಗಳಿಗೂ ಅರ್ಧ ಕಡಿತ. ಸವಕಳಿ ಕಡಿತವಿಲ್ಲದ ‘ಬಂಪರ್ ಟು ಬಂಪರ್’ ವಿಮೆಯನ್ನು ಅಷ್ಟು ಹಳೆಯ ಕಾರಿಗೆ ಬಹುತೇಕ ಕಂಪನಿಗಳು ಕೊಡುವುದೇ ಇಲ್ಲ. ನಿವೃತ್ತಿಯ ಹಣದಲ್ಲಿ ಕೊಂಡ ಕಾರನ್ನೇ ಕೊನೆಯವರೆಗೂ ಓಡಿಸುವವರು ನಾವು. ಹಾಗಾಗಿ ಕಾರಿನ ವಯಸ್ಸಿಗೆ ಹಾಕಿದ ಕತ್ತರಿ ಬೀಳುವುದು ನಮ್ಮ ಜೇಬಿಗೇ.

ಪ್ರೀಮಿಯಂ ಕಟ್ಟಿ ಎಂದು ತಿಂಗಳಿಗೆ ಮೊದಲೇ ಎಸ್‌ಎಂಎಸ್, ವಾಟ್ಸ್ಆ್ಯಪ್, ಫೋನು ಎಲ್ಲ ಶುರು ಮಾಡುವ ಕಂಪನಿಗಳು, ಅದೇ ಸಂದೇಶದಲ್ಲಿ ‘ನಿಮ್ಮ ಡಿಎಲ್ ಅವಧಿ ನೋಡಿಕೊಳ್ಳಿ’ ಎಂದು ಒಂದು ಸಾಲು ಸೇರಿಸಲಾರವೇ? ಪ್ಲಾಸ್ಟಿಕ್‌ಗೆ ಅರ್ಧವೇ ಸಿಗುತ್ತದೆ, ಕ್ಲೇಮ್ ಮಾಡಿದರೆ ಬೋನಸ್ ಹೋಗುತ್ತದೆ ಎಂಬುದನ್ನು ಕನ್ನಡದಲ್ಲಿ, ಕನ್ನಡಕ ಹಾಕಿಕೊಂಡಾದರೂ ಓದಲು ಬರುವ ಅಕ್ಷರದಲ್ಲಿ ಅಚ್ಚು ಹಾಕಲಿ. ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಕಡ್ಡಾಯ ಮಾಡಬೇಕು.

ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಪ್ರೀಮಿಯಂ ಕಟ್ಟುವ ಸೌಲಭ್ಯಕ್ಕೆ ಇದೇ ಪ್ರಾಧಿಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ಥರ್ಡ್ ಪಾರ್ಟಿ ಭಾಗಕ್ಕೆ ಅದು ಅನ್ವಯಿಸದಿದ್ದರೂ, ನಮ್ಮ ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗದಲ್ಲಿ ಉಳಿತಾಯವಾಗುತ್ತದೆ. ಆಸ್ಪತ್ರೆ, ದೇವಸ್ಥಾನ, ಹಬ್ಬಕ್ಕೊಮ್ಮೆ ಮಗಳ ಮನೆ ಎಂದು ಓಡಾಡುವವರಿಗೆ ಹೇಳಿ ಮಾಡಿಸಿದಂಥದ್ದು. ಆದರೆ ನಮ್ಮ ಗುಂಪಿನಲ್ಲಿ ಒಬ್ಬರಿಗೂ ಏಜೆಂಟರು ಇದರ ಸುದ್ದಿ ಎತ್ತಿಲ್ಲ. ಪ್ರೀಮಿಯಂ ಕಡಿಮೆಯಾದರೆ ಕಮಿಷನ್ನೂ ಕಡಿಮೆ, ಅವರೇಕೆ ಹೇಳಿಯಾರು!

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಹಿರಿಯರಿಗೆ ಅದರಿಂದ ನಿಜವಾಗಿಯೂ ಅನುಕೂಲವಾಗಿದೆ. ಖಾಸಗಿ ಕಾರಿನ ವಿಮೆಗೆ ಮಾತ್ರ ಶೇ 18 ಹಾಗೇ ಉಳಿದಿದೆ. 3,416 ರೂಪಾಯಿಯ ಥರ್ಡ್ ಪಾರ್ಟಿಗೆ ತೆರಿಗೆಯೇ ಸುಮಾರು 615 ರೂಪಾಯಿ. ಜೀವ ವಿಮೆ ಮಾಡಿಸುವುದು ಬಿಡುವುದು ನಮ್ಮಿಷ್ಟ. ಥರ್ಡ್ ಪಾರ್ಟಿ ಇಲ್ಲದೆ ಕಾರು ರಸ್ತೆಗಿಳಿಸಿದರೆ ಅಪರಾಧ. ಕಾನೂನೇ ಕಡ್ಡಾಯ ಮಾಡಿರುವ, ಅದೂ ಅಪಘಾತಕ್ಕೀಡಾದ ಬೇರೆಯವರಿಗಾಗಿ ಇರುವ ವಿಮೆಯ ಮೇಲೆ ಇಷ್ಟು ತೆರಿಗೆ ಯಾವ ನ್ಯಾಯ? ಆ ಭಾಗದ ಮೇಲಾದರೂ ತೆರಿಗೆ ಇಳಿಸುವಂತೆ ನಮ್ಮ ರಾಜ್ಯದ ಪ್ರತಿನಿಧಿಗಳು ಜಿಎಸ್‌ಟಿ ಮಂಡಳಿಯ ಮುಂದಿನ ಸಭೆಯಲ್ಲಿ ಒತ್ತಾಯಿಸಲಿ.

– ನಿವೃತ್ತ ಬ್ಯಾಂಕ್ ನೌಕರ, ಕುವೆಂಪುನಗರ, ಮೈಸೂರು