ಒಂದು ಹೊಡೆತದ ಲೆಕ್ಕ

ಬೆಂಗಳೂರು

ಚಿರಂಜೀವಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಪತ್ರ ತಲುಪಿತು. ಈ ಋತುವಿನಲ್ಲಿ ಮೂರನೆಯ ಬಾರಿಗೆ ಒಂದೇ ಒಂದು ಹೊಡೆತದಿಂದ ಕಟ್ (ಎರಡು ಸುತ್ತಿನ ಮೇಲೆ ಪಂದ್ಯದಲ್ಲಿ ಉಳಿಯಲು ದಾಟಬೇಕಾದ ಗಡಿ) ತಪ್ಪಿತೆಂದೂ, ಇನ್ನು ಮುಂದೆ ದಿನಕ್ಕೆ 300ರ ಬದಲು 600 ಚೆಂಡು ಹೊಡೆಯುವುದಾಗಿಯೂ, ಅದೂ ಫಲಿಸದಿದ್ದರೆ ಆಟವನ್ನೇ ಬಿಡುವುದಾಗಿಯೂ, ಗಾಲ್ಫ್‌ನ ದೊಡ್ಡ ಆಟಗಾರ ಬೆನ್ ಹೋಗನ್‌ನಂಥವನೇ ಕತ್ತಲಾಗುವ ತನಕ ಒಬ್ಬನೇ ನಿಂತು ಅಭ್ಯಾಸ ಮಾಡುತ್ತಿದ್ದನಲ್ಲವೇ ಎಂದೂ ಬರೆದಿದ್ದೀಯೆ. ನಾನು ಗಾಲ್ಫ್ ಆಡಿದವನಲ್ಲ. ಮೂವತ್ತು ವರ್ಷ ಒಂದು ಗಾಲ್ಫ್ ಕ್ಲಬ್ಬಿನ ಲೆಕ್ಕಪತ್ರ ಬರೆದು ನಿವೃತ್ತನಾದವನು. ಆದರೆ ಕಚೇರಿಯ ಕಿಟಕಿಯಿಂದ ಚೆಂಡು ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್ ಕಾಣುತ್ತಿತ್ತು, ಕ್ಲಬ್ಬಿನ ಕಪಾಟಿನಲ್ಲಿ ಹಳೆಯ ಗಾಲ್ಫ್ ಪತ್ರಿಕೆಗಳೂ ಇದ್ದವು. ಹಾಗಾಗಿ ನೀನು ಹೆಸರಿಸಿದ ಮನುಷ್ಯನ ಬಗ್ಗೆ ನನಗೂ ಒಂದಿಷ್ಟು ಗೊತ್ತು. ನೀನು ಸರಿಯಾದವನನ್ನೇ ಹಿಡಿದಿದ್ದೀಯೆ. ಆದರೆ ಅವನ ಖಾತೆಯಲ್ಲಿ ಜಮೆಯ ಪುಟವನ್ನಷ್ಟೇ ಓದಿದ್ದೀಯೆ ಎಂಬುದು ನನ್ನ ತಕರಾರು.

ಹೋಗನ್ 1912ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ. ಅವನಿಗೆ ಒಂಬತ್ತು ವರ್ಷವಿದ್ದಾಗ ತಂದೆ ಗುಂಡು ಹಾರಿಸಿಕೊಂಡು ತೀರಿಕೊಂಡ. ಹುಡುಗ ಫೋರ್ಟ್ ವರ್ತ್‌ನ ರೈಲು ನಿಲ್ದಾಣದಲ್ಲಿ ಪತ್ರಿಕೆ ಮಾರಿದ, ಆಮೇಲೆ ಗ್ಲೆನ್ ಗಾರ್ಡನ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಉಳ್ಳವರ ಚೀಲ ಹೊತ್ತ. ಅದೇ ಕ್ಲಬ್ಬಿನಲ್ಲಿ ಅದೇ ವಯಸ್ಸಿನ ಬೈರನ್ ನೆಲ್ಸನ್ ಎಂಬ ಇನ್ನೊಬ್ಬ ಕ್ಯಾಡಿ ಇದ್ದ. 1927ರ ಕ್ರಿಸ್‌ಮಸ್ ಸಮಯದ ಕ್ಯಾಡಿಗಳ ಪಂದ್ಯದಲ್ಲಿ ಇಬ್ಬರೂ ಸಮಸಮ ನಿಂತು, ಮತ್ತೆ ಆಡಿದಾಗ ನೆಲ್ಸನ್ ಗೆದ್ದ. ಅದೂ ಒಂದೇ ಹೊಡೆತದಿಂದ.

1930ರಲ್ಲಿ, ಹದಿನೇಳು ತುಂಬಿದ ಹುಡುಗ, ವೃತ್ತಿಪರನಾದ. ಏಕಾಂಗಿಯಾಗಿ ಆಡಿ ಮೊದಲ ಪಂದ್ಯ ಗೆದ್ದದ್ದು 1940ರ ಮಾರ್ಚ್‌ನಲ್ಲಿ, ಪೈನ್‌ಹರ್ಸ್ಟ್‌ನಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೈಬರಿದಾಗಿ ಊರಿಗೆ ಮರಳಿದ. ಅಭ್ಯಾಸ ಕಡಿಮೆಯಿತ್ತೇ? ಇರಲಿಲ್ಲ. ಆ ಕಾಲದಲ್ಲಿ ಅವನಷ್ಟು ಚೆಂಡು ಹೊಡೆದವರು ಇನ್ನೊಬ್ಬರಿರಲಿಲ್ಲ ಎಂದು ಜೊತೆಯ ಆಟಗಾರರೇ ಒಪ್ಪುತ್ತಿದ್ದರು. ಹೆಚ್ಚು ಹೊಡೆದರೆ ಸಾಕೆಂಬುದು ನಿಜವಾಗಿದ್ದರೆ ಅವನು ಹತ್ತು ವರ್ಷ ಕಾಯಬೇಕಾಗಿರಲಿಲ್ಲ.

ಅವನನ್ನು ಕಾಯಿಸಿದ್ದು ಹುಕ್. ಬಲಗೈ ಆಟಗಾರನ ಚೆಂಡು ಎಡಕ್ಕೆ ಬಲವಾಗಿ ಬಾಗಿ, ನೆಲ ಮುಟ್ಟಿದ ಮೇಲೂ ಓಡುತ್ತ ಹೋಗಿ ಮರಗಳ ನಡುವೆ ಸೇರುವುದೆಂದರೆ ಏನೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಇದರಲ್ಲಿ ನಾನು ಬಹಳ ದಿನ ಯೋಚಿಸಿದ ಒಂದು ಸಂಗತಿಯಿದೆ. ಹೋಗನ್ ಸಣ್ಣ ಮೈಕಟ್ಟಿನವನು. ದೊಡ್ಡ ಆಳುಗಳ ಸಮಕ್ಕೆ ಚೆಂಡನ್ನು ದೂರ ಕಳಿಸಲು ಅವನಿಗೆ ನೆರವಾದದ್ದೇ ಆ ತಗ್ಗಿನ, ಓಡುವ, ಎಡಕ್ಕೆ ಬಾಗುವ ಹೊಡೆತ. ದೋಷವೂ ಹೆಮ್ಮೆಯೂ ಒಂದೇ ಬೇರಿನಲ್ಲಿದ್ದವು. ಹೀಗಿರುವಾಗ ದಿನಕ್ಕೆ ಸಾವಿರ ಚೆಂಡು ಹೊಡೆದರೂ ಬಲಗೊಳ್ಳುವುದು ಆ ದೋಷವೇ. ಅದನ್ನು ಕಳೆಯಬೇಕಾದರೆ ಒಂದಿಷ್ಟು ದೂರವನ್ನೂ ಬಿಟ್ಟುಕೊಡಬೇಕು, ಅಂದರೆ ತಾನು ಯಾವುದರಿಂದ ಹೆಸರಾದೆನೋ ಅದನ್ನೇ ಕೈಬಿಡಬೇಕು. ಅವನು ಎಡಗೈಯ ಹಿಡಿತವನ್ನು ಕೊಂಚ ಎಡಕ್ಕೆ ತಿರುಗಿಸಿ, ಮಣಿಕಟ್ಟಿನ ಚಲನೆಯನ್ನು ಬದಲಿಸಿ, ವರ್ಷಗಳ ತಿದ್ದುಪಡಿಯ ಕೊನೆಗೆ ಬಲಕ್ಕೆ ಮೆಲ್ಲಗೆ ಬಾಗಿ ಮೆತ್ತಗೆ ಇಳಿಯುವ ಫೇಡ್ ಅನ್ನು ತನ್ನದಾಗಿಸಿಕೊಂಡ. ಅದೂ ಸರಳವಾಗಿ ನಡೆದದ್ದಲ್ಲ. 1946ರಲ್ಲಿ ಮಾಸ್ಟರ್ಸ್ ಮತ್ತು ಯು.ಎಸ್. ಓಪನ್ ಎರಡರಲ್ಲಿಯೂ ಕೊನೆಯ ಗ್ರೀನ್‌ನಲ್ಲಿ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೂರು ಪಟ್ (ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತ) ತೆಗೆದುಕೊಂಡು ಗೆಲುವಿನ ಅವಕಾಶ ಕಳೆದುಕೊಂಡ. ಅದೇ ವರ್ಷದ ಆಗಸ್ಟ್‌ನಲ್ಲಿ ಪಿ.ಜಿ.ಎ. ಚಾಂಪಿಯನ್‌ಶಿಪ್ ಗೆದ್ದು ಮೊದಲ ಮೇಜರ್, ಅಂದರೆ ಗಾಲ್ಫ್‌ನ ನಾಲ್ಕು ದೊಡ್ಡ ಪಂದ್ಯಗಳಲ್ಲಿ ಒಂದರ ಗೆಲುವು, ಪಡೆದ. ಆಗ ವಯಸ್ಸು ಮೂವತ್ತನಾಲ್ಕು. ನಿನಗೆ ಇಪ್ಪತ್ತಮೂರು.

ಹಣದ ಮಾತನ್ನೂ ಆಡಿಬಿಡುತ್ತೇನೆ, ಅದು ನನ್ನ ಕಸುಬು. ಹೋಗನ್ ಮತ್ತು ಅವನ ಹೆಂಡತಿ ವ್ಯಾಲರಿ, ಕೂಡಿಟ್ಟ ದುಡ್ಡು ಇರುವ ತನಕ ಪಂದ್ಯದಿಂದ ಪಂದ್ಯಕ್ಕೆ ತಿರುಗುವುದು, ಮುಗಿದರೆ ಮನೆಗೆ ಮರಳಿ ಬೇರೆ ಕೆಲಸ ಹಿಡಿಯುವುದು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. 1938ರ ಜನವರಿಯಲ್ಲಿ ಓಕ್‌ಲ್ಯಾಂಡ್ ತಲುಪುವ ಹೊತ್ತಿಗೆ ಅದರಲ್ಲಿ 86 ಡಾಲರ್ ಮಾತ್ರ ಉಳಿದಿತ್ತೆಂದು ಹೇಳುತ್ತಾರೆ. ಒಂದು ಬೆಳಿಗ್ಗೆ ಹೊರಗೆ ಬಂದು ನೋಡಿದರೆ ಕಾರಿನ ಹಿಂದಿನ ಚಕ್ರಗಳನ್ನು ಯಾರೋ ಕದ್ದೊಯ್ದಿದ್ದರು. ಬೇರೆಯವರ ಕಾರಿನಲ್ಲಿ ಮೈದಾನಕ್ಕೆ ಹೋಗಿ ಆಡಿದ. ಬಂದ ಬಹುಮಾನದಿಂದ ಮುಂದಿನ ಊರಿನ ದಾರಿ ಕಂಡಿತು. ಈ ಕಥೆಯನ್ನು ಹೇಳುವವರು ಛಲದ ಗುಣಗಾನ ಮಾಡುತ್ತಾರೆ. ನನಗೆ ಕಾಣುವುದು ಬೇರೆ: ಎಷ್ಟು ಉಳಿದಿದೆ ಎಂಬುದು ಗಂಡಹೆಂಡಿರಿಬ್ಬರಿಗೂ ಡಾಲರಿನ ಲೆಕ್ಕದಲ್ಲಿ ಗೊತ್ತಿತ್ತು. ನಿನ್ನ ಖರ್ಚಿಗೆ ಎಷ್ಟು ಹೋಗಿದೆ, ಇನ್ನೆಷ್ಟಿದೆ ಎಂದು ನಿನ್ನ ಅಮ್ಮನಿಗೆ ಗೊತ್ತಿದೆಯೇ? ಕಳೆದ ವಾರ ಅಕ್ಕನನ್ನು ಕೇಳಿದೆ. ಅವಳು ಮಾತು ಮರೆಸಿದಳು.

ಇನ್ನು ಆ ‘ಒಬ್ಬನೇ’ ಎಂಬ ಪದ. ಹೋಗನ್ ಮಿತಭಾಷಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವನು ಎಂಬುದು ನಿಜ, ಮತ್ತು ಆ ಸ್ವಭಾವದಲ್ಲಿ ಅನುಕರಿಸುವಂಥದ್ದು ನನಗೇನೂ ಕಾಣುವುದಿಲ್ಲ. ಆದರೂ ಅವನ ಕಷ್ಟಕಾಲದಲ್ಲಿ ಹೆನ್ರಿ ಪಿಕಾರ್ಡ್ ಎಂಬ ಹಿರಿಯ ಆಟಗಾರ, ದುಡ್ಡು ಮುಗಿದರೆ ನನ್ನ ಬಳಿ ಬಾ ಎಂದು ಭರವಸೆ ಕೊಟ್ಟಿದ್ದ; ಹೋಗನ್ ಆ ಹಣವನ್ನು ಕೇಳುವ ಪ್ರಸಂಗ ಬರಲಿಲ್ಲ, ಆದರೆ ಹಿಡಿತ ತಿದ್ದಿಕೊಳ್ಳಲು ಅದೇ ಪಿಕಾರ್ಡ್‌ನ ಸಲಹೆ ಪಡೆದ, ಮುಂದೆ ತನ್ನ ಮೊದಲ ಪುಸ್ತಕವನ್ನು ಅವನಿಗೇ ಅರ್ಪಿಸಿದ. 1940ರ ಆ ಮೊದಲ ಗೆಲುವಿನಲ್ಲಿ ಅವನ ಕೈಯಲ್ಲಿದ್ದ ಡ್ರೈವರ್, ಆ ದೂರ ಹೊಡೆಯುವ ಕೋಲು, ಯಾರು ಕೊಟ್ಟದ್ದು ಗೊತ್ತೇ? ಕ್ಯಾಡಿಗಳ ಪಂದ್ಯದಲ್ಲಿ ಅವನನ್ನು ಸೋಲಿಸಿದ್ದ ಬೈರನ್ ನೆಲ್ಸನ್. ನೀನು ತರಬೇತುದಾರರ ಬಳಿ ಹೋಗಿ ನಾಲ್ಕು ತಿಂಗಳಾಯಿತೆಂದು ನಿನ್ನ ಪತ್ರದಲ್ಲಿ ಎಲ್ಲಿಯೂ ಇಲ್ಲ. ಅವರೇ ಫೋನಿನಲ್ಲಿ ಹೇಳಿದರು.

1949ರ ಅಪಘಾತದ ಕಥೆ ನಿನಗೆ ಬಾಯಿಪಾಠವಿರಬಹುದು. ಫೆಬ್ರವರಿ 2ರ ಬೆಳಿಗ್ಗೆ, ಟೆಕ್ಸಾಸ್‌ನ ವ್ಯಾನ್ ಹಾರ್ನ್ ಬಳಿ, ಮಂಜು ಕವಿದ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕಲು ಹೊರಟ ಬಸ್ಸೊಂದು ಎದುರಿಗೆ ಬಂದಾಗ, ಹೋಗನ್ ಪಕ್ಕದಲ್ಲಿದ್ದ ಹೆಂಡತಿಯನ್ನು ಉಳಿಸಲು ಅವಳ ಮೇಲೆ ಅಡ್ಡ ಬಿದ್ದ. ಸ್ಟೀರಿಂಗ್ ಕಂಬ ಅವನು ಕೂತಿದ್ದ ಆಸನವನ್ನೇ ತೂರಿಕೊಂಡು ಹೋಗಿತ್ತು. ಸೊಂಟದ ಮೂಳೆ, ಕೊರಳಿನ ಕೆಳಗಿನ ಕಾಲರ್ ಮೂಳೆ, ಎಡ ಪಾದದ ಗಂಟು, ಪಕ್ಕೆಲುಬು ಮುರಿದವು. ಕಾಲಿನಿಂದ ರಕ್ತದ ಗರಣೆಗಳು ಮೇಲೇರತೊಡಗಿದಾಗ, ನ್ಯೂ ಆರ್ಲಿಯನ್ಸ್‌ನಿಂದ ಬಂದ ಡಾ. ಆಲ್ಟನ್ ಆಕ್ಸ್‌ನರ್ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವನ್ನೇ ಕಟ್ಟಿ ಜೀವ ಉಳಿಸಿದರು. ಆ ಕಾಲುಗಳಲ್ಲಿ ರಕ್ತ ಸರಾಗವಾಗಿ ಹರಿಯುವುದು ಅಲ್ಲಿಗೆ ಮುಗಿಯಿತು. ಹದಿನಾರು ತಿಂಗಳ ಮೇಲೆ, 1950ರ ಜೂನ್‌ನಲ್ಲಿ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಮೆರಿಯನ್‌ನಲ್ಲಿ ಯು.ಎಸ್. ಓಪನ್ ಆಡಿದ. ಕೊನೆಯ ದಿನ ಆಗೆಲ್ಲ ಎರಡು ಸುತ್ತು, ಅಂದರೆ 36 ಹೋಲ್. ಕೊನೆಯ ಹೋಲ್‌ನಲ್ಲಿ ಪಾರ್, ಅಂದರೆ ಅದಕ್ಕೆ ನಿಗದಿಯಾದಷ್ಟೇ ಹೊಡೆತ, ಬೇಕಿತ್ತು. ಒಂದನೆಯ ಐರನ್ ಎಂಬ ಕೋಲಿನಿಂದ ಚೆಂಡನ್ನು ಗ್ರೀನ್ ಮುಟ್ಟಿಸಿ, ಎರಡು ಪಟ್‌ನಲ್ಲಿ ಮುಗಿಸಿ ಸಮ ಮಾಡಿಕೊಂಡ. ಸಮ ನಿಂತ ಮೂವರ ಮರುದಿನದ ಪ್ಲೇ-ಆಫ್‌ನಲ್ಲಿ ಅವನು 69 ಹೊಡೆತಗಳಿಂದ ಗೆದ್ದ; ಲಾಯ್ಡ್ ಮ್ಯಾಂಗ್ರಮ್ 73, ಜಾರ್ಜ್ ಫ್ಯಾಜಿಯೊ 75. (ಮ್ಯಾಂಗ್ರಮ್ ಚೆಂಡಿನ ಮೇಲಿದ್ದ ಹುಳುವನ್ನು ಊದಲು ಅದನ್ನು ಎತ್ತಿ ಆಗಿನ ನಿಯಮದಂತೆ ಎರಡು ಹೊಡೆತದ ದಂಡ ತೆತ್ತ. ನಿಯಮ ಪುಸ್ತಕವನ್ನು ಆಗಾಗ ತಿರುವಿಹಾಕು.)

ಇಲ್ಲಿಯೇ ನಿನ್ನ 600 ಚೆಂಡುಗಳ ವಾದ ಮುರಿದುಬೀಳುತ್ತದೆ. ಹೋಗನ್‌ನ ಒಂಬತ್ತು ಮೇಜರ್‌ಗಳಲ್ಲಿ ಅಪಘಾತಕ್ಕೆ ಮೊದಲು ಬಂದವು ಮೂರು, ಆಮೇಲೆ ಆರು. ವರ್ಷವಿಡೀ ಆಡುವುದು ಸಾಧ್ಯವಿಲ್ಲದ ಕಾಲುಗಳಿಂದ 1953ರಲ್ಲಿ ಆಡಿದ್ದು ಆರು ಪಂದ್ಯ, ಗೆದ್ದದ್ದು ಐದು. ಅದರಲ್ಲಿ ಮಾಸ್ಟರ್ಸ್, ಯು.ಎಸ್. ಓಪನ್, ಬ್ರಿಟಿಷ್ ಓಪನ್ ಮೂರೂ ಸೇರಿವೆ. ಸ್ಕಾಟ್ಲೆಂಡಿನ ಕಾರ್ನೂಸ್ಟಿಗೆ ಅವನು ಹೋದದ್ದು ಅದೊಂದೇ ಸಲ. ಮೊದಲೇ ತಲುಪಿ, ಅಲ್ಲಿ ಬಳಕೆಯಲ್ಲಿದ್ದ ಕೊಂಚ ಚಿಕ್ಕ ಚೆಂಡಿಗೆ ಕೈ ಹೊಂದಿಸಿಕೊಂಡು, ಮೈದಾನವನ್ನು ನಡೆದು ಅರಿತು ಆಡಿದ. ನಾಲ್ಕು ಸುತ್ತುಗಳಲ್ಲಿ 73, 71, 70, 68. ಪ್ರತಿ ಸುತ್ತಿಗೂ ಇಳಿಯುತ್ತ ಬಂದ ಆ ಸಂಖ್ಯೆಗಳನ್ನು ನೋಡಿದರೆ ಲೆಕ್ಕಿಗನಾದ ನನಗೆ ಇಂದಿಗೂ ಸಂತೋಷವಾಗುತ್ತದೆ.

ಗೆದ್ದವನ ಬದುಕು ಅಲ್ಲಿಗೆ ಸುಖಾಂತವಾಯಿತೆಂದು ತಿಳಿಯಬೇಡ. 1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಲಿಂಪಿಕ್ ಕ್ಲಬ್ಬಿನಲ್ಲಿ ಐದನೆಯ ಯು.ಎಸ್. ಓಪನ್ ಕೈಗೆ ಬಂದಂತಿತ್ತು. ಐಯೊವಾದ ಜಾಕ್ ಫ್ಲೆಕ್ ಎಂಬ, ಹೆಚ್ಚಿನವರು ಹೆಸರೇ ಕೇಳಿರದ ವೃತ್ತಿಪರ, ಹೋಗನ್‌ನದೇ ಕಂಪನಿ ತಯಾರಿಸಿದ ಕ್ಲಬ್ಬುಗಳಿಂದ ಆಡಿ ಸಮ ಮಾಡಿ, ಮರುದಿನ 69ಕ್ಕೆ 72ರಂತೆ ಗೆದ್ದ. ಆ ದಿನ ಕೊನೆಯ ಹೋಲ್‌ನ ಮೊದಲ ಹೊಡೆತದಲ್ಲಿ ಹೋಗನ್‌ನ ಕಾಲು ಜಾರಿತು. ಚೆಂಡು ಎಡಕ್ಕೆ ಬಾಗಿ ಎತ್ತರದ ಹುಲ್ಲಿಗೆ ಹೋಯಿತು. ಅಲ್ಲಿಂದ ಹೊರತೆಗೆಯಲು ಮೂರು ಹೊಡೆತ. ಮುಗಿಯಿತೆಂದುಕೊಂಡಿದ್ದ ಹುಕ್, ನಲವತ್ತೆರಡನೆಯ ವಯಸ್ಸಿನಲ್ಲಿ, ಬೇಡವಾದ ಕ್ಷಣದಲ್ಲಿ, ಹಳೆಯ ಸಾಲಗಾರನಂತೆ ಬಾಗಿಲಿಗೆ ಬಂದು ನಿಂತಿತು.

ಈಗ ನೀನು ಮಾಡಬೇಕಾದದ್ದು. ಒಂದು ಹೊಡೆತದಿಂದ ತಪ್ಪಿತು ಎನ್ನುವಾಗ ನೀನು ಪ್ರತಿ ಸಲವೂ ಕೊನೆಯ ಹೋಲ್‌ನ ತಪ್ಪಿದ ಪಟ್ ಅನ್ನೇ ತೋರಿಸುತ್ತೀಯೆ. ಎರಡು ಸುತ್ತಿನಲ್ಲಿ ನೂರನಲವತ್ತಕ್ಕೂ ಹೆಚ್ಚು ಹೊಡೆತಗಳಿರುವಾಗ, ನಷ್ಟವೆಲ್ಲ ಕೊನೆಯ ಸಾಲಿನಲ್ಲಿಯೇ ಆಯಿತೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಆ ಮೂರು ಪಂದ್ಯಗಳ ಒಂದೊಂದು ಹೊಡೆತವೂ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಕುಳಿತು ಬರೆ. ನೀನು ಎಲ್ಲರಿಗಿಂತ ದೂರ ಹೊಡೆಯುತ್ತೀಯೆ ಎಂದು ನೆಂಟರ ಮುಂದೆಲ್ಲ ಹೇಳಿಕೊಂಡವನು ನಾನೂ ಹೌದು. ಆ ದೂರಕ್ಕೆ ನೀನು ತೆರುತ್ತಿರುವ ಬೆಲೆ ಎಷ್ಟೆಂಬುದು ಆ ಪಟ್ಟಿಯಲ್ಲಿ ಸಿಗಬಹುದೆಂದು ನನ್ನ ಅನುಮಾನ. ಪಟ್ಟಿಯನ್ನು ಮೊದಲು ತರಬೇತುದಾರರಿಗೆ ತೋರಿಸು. ಅಲ್ಲಿಯ ತನಕ 300 ಚೆಂಡೂ ಬೇಡ, ನೂರು ಸಾಕು. ಆಟ ಬಿಡುವ ಮಾತನ್ನು, ಉಳಿದಿರುವ ಹಣದ ಮೊತ್ತವನ್ನು ಎದುರಿಗಿಟ್ಟುಕೊಂಡು, ಅಮ್ಮನ ಜೊತೆ ಕೂತು ಆಡೋಣ; ಸೋತ ರಾತ್ರಿ ಬರೆದ ಪತ್ರದಲ್ಲಿ ಬೇಡ.

ಯುಗಾದಿಗೆ ಬರುವಾಗ ಮೈದಾನದ ದೂರಗಳನ್ನು ಗುರುತಿಸಿಕೊಂಡ ನಿನ್ನ ಯಾರ್ಡೇಜ್ ಪುಸ್ತಕಗಳನ್ನೂ ತೆಗೆದುಕೊಂಡು ಬಾ. ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಪೆನ್ನಿನಿಂದ ತಿದ್ದಿಕೊಂಡು ತಾ, ನನ್ನ ಕಣ್ಣಿಗೆ ಈಗ ಪೆನ್ಸಿಲ್ ಕಾಣುವುದಿಲ್ಲ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ